ಕಣ್ಣಪ್ಪನ ಸುತ್ತಲಿನವರು

ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯವನ್ನು ನೀವು ನೋಡಿಯೇ ಇರುತ್ತೀರಿ. 385 ಅಡಿ ಉದ್ದ, 160 ಅಡಿ ಅಗಲದ ದೊಡ್ಡ ಗುಡಿ ಅದು. ಮುಂದಿನ ಏಳು ನೆಲೆಯ ಗೋಪುರವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವರಾಜಮ್ಮಣ್ಣಿಯವರು 1845ರಲ್ಲಿ ಕಟ್ಟಿಸಿದರು. ಬಂದವರು ಗೋಪುರವನ್ನು ತಲೆಯೆತ್ತಿ ನೋಡುತ್ತಾರೆ, ನಂಜುಂಡನಿಗೆ ಕೈಮುಗಿಯುತ್ತಾರೆ, ಕಪಿಲೆಯಲ್ಲಿ ಕಾಲು ತೊಳೆದು ಹೊರಡುತ್ತಾರೆ. ಒಳಗೆ ಸಾಲಾಗಿ ನಿಂತಿರುವ ಅರುವತ್ತುಮೂವರು ಪುರಾತನರ ಮುಂದೆ ನಿಲ್ಲುವವರು ಕಡಮೆ. ಆ ಸಾಲಿನಲ್ಲಿ ಅರಸರಿದ್ದಾರೆ, ಬ್ರಾಹ್ಮಣರಿದ್ದಾರೆ, ಕುಂಬಾರನಿದ್ದಾನೆ, ಅಗಸನಿದ್ದಾನೆ, ಮೀನು ಹಿಡಿಯುವವನಿದ್ದಾನೆ. ಅವರೆಲ್ಲರ ನಡುವೆ ಒಬ್ಬ ಬೇಡನೂ ಇದ್ದಾನೆ. ಅವನೇ ಕಣ್ಣಪ್ಪ.

ಕಣ್ಣಪ್ಪನ ಕಥೆ ನಮ್ಮ ಸೀಮೆಯ ಮಕ್ಕಳಿಗೆ ಹೇಳಿಕೊಡಬೇಕಾದ ಕಥೆಯಲ್ಲ. ಅದು ಅವರಿಗೆ ಮೊದಲೇ ಗೊತ್ತಿರುತ್ತದೆ. ಬೇಡನು ಲಿಂಗದ ಕಣ್ಣಿನಲ್ಲಿ ನೆತ್ತರು ಕಂಡ; ತನ್ನ ಕಣ್ಣು ಕಿತ್ತು ಇಟ್ಟ; ಎರಡನೆಯ ಕಣ್ಣಿನಲ್ಲೂ ನೆತ್ತರು ಕಂಡಾಗ ಗುರುತಿಗೆಂದು ಕಾಲಿನ ಬೆರಳನ್ನು ಅಲ್ಲಿಟ್ಟು ಇನ್ನೊಂದು ಕಣ್ಣಿಗೂ ಬಾಣ ಹಿಡಿದ; ಶಿವ ಕೈ ತಡೆದ. ಇಷ್ಟನ್ನು ಅಜ್ಜಿಯಿಂದ ಕೇಳದ ಮಗು ನಂಜನಗೂಡಿನಲ್ಲಾಗಲಿ ತಿರುಮಕೂಡಲು ನರಸೀಪುರದಲ್ಲಾಗಲಿ ಇರಲಾರದು. ಆದರೆ ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಕಣ್ಣಪ್ಪನನ್ನು ಕುರಿತಲ್ಲ. ಅವನ ಸುತ್ತಲೂ ಇರುವ ಸಣ್ಣ ಪಾತ್ರಗಳನ್ನು ಕುರಿತು. ಹಳೆಯ ಪುರಾಣದಲ್ಲಿ ಅವರು ಯಾರಾಗಿದ್ದರು, 1954ರ ‘ಬೇಡರ ಕಣ್ಣಪ್ಪ’ ಚಿತ್ರದಲ್ಲಿ ಏನಾದರು, ಏಕೆ ಹಾಗಾದರು ಎಂಬುದೇ ಇಲ್ಲಿನ ವಿಷಯ.

ಈ ವಿಚಾರ ನನ್ನ ತಲೆಗೆ ಹೊಕ್ಕಿದ್ದು ನನ್ನದೇ ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯಲ್ಲಿ ಪುರಾತನರ ಮಾತು ಬಂತು. ನಾನು ಉತ್ಸಾಹದಿಂದ ಕಣ್ಣಪ್ಪನ ಕಥೆ ಹೇಳಿದೆ. ಹೆಂಡತಿ ನೀಲೆ, ಕಪಟಿಯಾದ ಪೂಜಾರಿ, ಕಳವಿನ ಅಪವಾದ, ದಿಣ್ಣನಿಗೆ ಬಿದ್ದ ಪೆಟ್ಟು, ಎಲ್ಲವನ್ನೂ ವರ್ಣಿಸಿದೆ. ‘ಇದು ಪೆರಿಯ ಪುರಾಣದ ಕಥೆ’ ಎಂದು ಮುಗಿಸಿದೆ. ಗಂಟೆ ಹೊಡೆಯಿತು. ಮಾರನೆಯ ದಿನ ಇಬ್ಬರು ಮಕ್ಕಳು ಬಂದರು. ಒಬ್ಬಳು ನಾಯಕ ಜನಾಂಗದ ಹುಡುಗಿ. ‘ಸಾರ್, ನೀಲೆಯ ಅಪ್ಪ ಅಮ್ಮ ಯಾರು? ಪುರಾಣದಲ್ಲಿ ಇನ್ನೂ ಏನೇನು ಬರೆದಿದ್ದಾರೆ ಅವಳ ಬಗ್ಗೆ?’ ಎಂದಳು. ಇನ್ನೊಬ್ಬ ಹಳ್ಳಿಯೊಂದರ ಗುಡಿಯ ಅರ್ಚಕರ ಮಗ. ಅವನು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದು, ‘ಸಾರ್, ಆ ಪೂಜಾರಿ ನಿಜವಾಗಿ ಕಳ್ಳನೆ?’ ಎಂದ. ಅವನ ಹಿಂದೆ ನಾಲ್ಕು ಹುಡುಗರು ನಗುತ್ತಿದ್ದರು. ಹಿಂದಿನ ದಿನದಿಂದ ಅವನನ್ನು ಏನೆಂದು ಕರೆದು ಛೇಡಿಸಿದ್ದರೆಂಬುದು ನನಗೆ ಅರ್ಥವಾಯಿತು.

ಆ ರಾತ್ರಿ ಶೇಕ್ಕಿಳಾರನ ಕಥೆಯನ್ನು ಮೊದಲಿನಿಂದ ಓದಿದೆ. ನನಗೆ ನಾಚಿಕೆಯಾಯಿತು. ನಾನು ಪುರಾಣದ್ದೆಂದು ಹೇಳಿದ್ದು ಪುರಾಣದ್ದಾಗಿರಲಿಲ್ಲ. ಅದು ಸಿನಿಮಾದ ಕಥೆ. 1970ರ ದಶಕದ ಕೊನೆಯಲ್ಲಿ ಟೂರಿಂಗ್ ಟಾಕೀಸಿನ ಮರಳಿನ ಮೇಲೆ ಕುಳಿತು, ತಾಯಿಯ ಸೆರಗು ಹಿಡಿದುಕೊಂಡು ನಾನು ನೋಡಿದ ಕಥೆ. ಮೈಸೂರು ಆಕಾಶವಾಣಿಯಲ್ಲಿ ಆ ಚಿತ್ರದ ಹಾಡು ಬಂದರೆ ನಮ್ಮ ಮನೆಯಲ್ಲಿ ಮಾತು ನಿಲ್ಲುತ್ತಿತ್ತು. ಕಣ್ಣಿಗೆ ಕಂಡದ್ದು, ಕಿವಿಗೆ ಬಿದ್ದದ್ದು ಎಷ್ಟು ಆಳಕ್ಕೆ ಇಳಿದಿತ್ತೆಂದರೆ, ಪಂಡಿತ ಪರೀಕ್ಷೆಗೆ ಓದಿದ ಪುಸ್ತಕಗಳು ಅದನ್ನು ಅಲುಗಿಸಲಾರದೆ ಹೋಗಿದ್ದವು.

ಹಾಗಾದರೆ ಪುರಾಣದಲ್ಲಿ ಏನಿದೆ? ಶೇಕ್ಕಿಳಾರನು 12ನೆಯ ಶತಮಾನದಲ್ಲಿ, ಚೋಳರ ಇಮ್ಮಡಿ ಕುಲೋತ್ತುಂಗನ ಕಾಲದಲ್ಲಿ, ತಮಿಳಿನಲ್ಲಿ ಪೆರಿಯ ಪುರಾಣವನ್ನು ಬರೆದ ಕವಿ. ಅವನ ಪ್ರಕಾರ ಪೊತ್ತಪ್ಪಿ ನಾಡಿನ ಉಡುಪ್ಪೂರಿನಲ್ಲಿ ಬೇಡರ ಒಡೆಯ ನಾಗ, ಅವನ ಹೆಂಡತಿ ತತ್ತೆ. ಇವರ ಮಗ ತಿಣ್ಣ. ನಾಗನಿಗೆ ವಯಸ್ಸಾಯಿತು. ಒಡೆತನವನ್ನು ಮಗನಿಗೆ ಕೊಟ್ಟ. ದೇವರಾಟ್ಟಿ ಎಂಬ ಕುಲದ ಪೂಜಾರಿಣಿ ಬಂದು ಹರಸಿದಳು. ತಿಣ್ಣ ಮೊದಲ ಬೇಟೆಗೆ ಹೊರಟ. ಒಂದು ಕಾಡುಹಂದಿ ಬಲೆ ಹರಿದುಕೊಂಡು ಓಡಿತು. ಅದನ್ನು ಬೆನ್ನಟ್ಟಿ ಹೋದವರು ಮೂವರೇ: ತಿಣ್ಣ, ಅವನ ಜೊತೆಗಾರರಾದ ನಾಣ ಮತ್ತು ಕಾಡ. ಹಂದಿ ಸತ್ತಿತು. ಹಸಿವು, ಬಾಯಾರಿಕೆ. ಸುವರ್ಣಮುಖಿ ಹೊಳೆಯ ದಡಕ್ಕೆ ಬಂದರು. ಎದುರಿಗೆ ಕಾಳಹಸ್ತಿಯ ಬೆಟ್ಟ. ‘ಆ ಬೆಟ್ಟದ ಮೇಲೆ ಕುಡುಮಿಯ ದೇವರಿದ್ದಾನೆ’ ಎಂದು ನಾಣ ಹೇಳಿದ. ಬೆಂಕಿ ಮಾಡುವ ಕೆಲಸವನ್ನು ಕಾಡನಿಗೆ ಬಿಟ್ಟು ತಿಣ್ಣನೂ ನಾಣನೂ ಬೆಟ್ಟ ಹತ್ತಿದರು.

ಲಿಂಗವನ್ನು ಕಂಡೊಡನೆ ತಿಣ್ಣ ಮರುಳಾದ. ‘ಇವನ ಮೇಲೆ ನೀರು ಸುರಿದವರಾರು? ಎಲೆ ಇಟ್ಟವರಾರು?’ ಎಂದು ಕೇಳಿದ. ಆಗ ನಾಣ ಹೇಳುವ ಮಾತನ್ನು ನೀವು ಗಮನಿಸಬೇಕು. ಹಿಂದೊಮ್ಮೆ ಹಿರಿಯ ನಾಗನ ಜೊತೆ ಬೇಟೆಗೆ ಬಂದಿದ್ದಾಗ, ಒಬ್ಬ ಬ್ರಾಹ್ಮಣ ಈ ದೇವರಿಗೆ ನೀರೆರೆದು, ಎಲೆ ಹೂವು ಮುಡಿಸಿ, ಊಟವಿಟ್ಟು, ಏನೋ ಮಾತಾಡಿ ಹೋದದ್ದನ್ನು ತಾನು ಕಂಡೆನೆಂದು ಅವನು ಹೇಳುತ್ತಾನೆ. ತಿಣ್ಣ ಕಲಿತ ಪೂಜಾವಿಧಿ ಅಷ್ಟೇ. ನೀರಿಗೆ ಬಾಯಿ, ಹೂವಿಗೆ ಮುಡಿ, ಊಟಕ್ಕೆ ಹಂದಿಯ ಮಾಂಸ. ಅಂದರೆ ಕಣ್ಣಪ್ಪನಿಗೆ ದೇವರನ್ನು ತೋರಿಸಿದವನೂ ಪೂಜೆಯನ್ನು ಹೇಳಿಕೊಟ್ಟವನೂ ಇನ್ನೊಬ್ಬ ಬೇಡ. ಕಥೆಯನ್ನೆಲ್ಲ ತಿರುಗಿಸುವ ಈ ನಾಣನಿಗೆ ಕವಿ ಕೊಟ್ಟಿರುವುದು ನಾಲ್ಕು ಮಾತು. ಆಮೇಲೆ ಅವನೂ ಕಾಡನೂ ‘ಒಡೆಯನಿಗೆ ಹುಚ್ಚು ಹಿಡಿಯಿತು’ ಎಂದು ಊರಿಗೆ ಓಡಿಹೋಗುತ್ತಾರೆ. ನಾಗ ದೇವರಾಟ್ಟಿಯನ್ನು ಕರೆದುಕೊಂಡು ಬರುತ್ತಾನೆ. ಮಗನ ಮನಸ್ಸು ತಿರುಗುವುದಿಲ್ಲ. ಮುದುಕ ತಂದೆ ಬರಿಗೈಯಲ್ಲಿ ಹಿಂದಿರುಗುತ್ತಾನೆ.

ಇನ್ನು ಪೂಜಾರಿ. ಅವನ ಹೆಸರು ಶಿವಗೋಚರಿಯಾರ್. ಬೆಳಗ್ಗೆ ಬಂದು ನೋಡಿದರೆ ಗುಡಿಯಲ್ಲೆಲ್ಲ ಎಲುಬು, ಮಾಂಸ. ಅವನು ಅಳುತ್ತಾನೆ, ಗುಡಿಸುತ್ತಾನೆ, ತೊಳೆಯುತ್ತಾನೆ, ಶುದ್ಧಿ ಮಾಡಿ ಮತ್ತೆ ಪೂಜಿಸುತ್ತಾನೆ. ಅವನು ಹೋದ ಮೇಲೆ ತಿಣ್ಣ ಬಂದು ಆ ಹೂವನ್ನು ತೆಗೆದು ತನ್ನ ಮಾಂಸ ಇಡುತ್ತಾನೆ. ಹೀಗೆ ಐದು ದಿನ. ಒಬ್ಬನ ಪೂಜೆ ಇನ್ನೊಬ್ಬನಿಗೆ ಮೈಲಿಗೆ. ಇಬ್ಬರೂ ಒಬ್ಬರನ್ನೊಬ್ಬರು ಕಂಡಿಲ್ಲ. ಇಬ್ಬರಿಗೂ ದೇವರ ಮೇಲೆ ಪ್ರಾಣ. ಕೊನೆಗೆ ಶಿವನು ಪೂಜಾರಿಯ ಕನಸಿನಲ್ಲಿ ಬಂದು, ಆ ಬೇಡನ ಪ್ರೀತಿ ಎಂಥದೆಂದು ತಿಳಿಸಿ, ‘ನಾಳೆ ಮರೆಯಲ್ಲಿ ನಿಂತು ನೋಡು’ ಎನ್ನುತ್ತಾನೆ. ಆರನೆಯ ದಿನ ಲಿಂಗದ ಕಣ್ಣಿನಿಂದ ನೆತ್ತರು ಸುರಿಯುವುದನ್ನೂ ಬೇಡನು ಕಣ್ಣು ಕೀಳುವುದನ್ನೂ ಮರೆಯಲ್ಲಿ ನಿಂತು ಕಂಡವನು ಆ ಪೂಜಾರಿ ಒಬ್ಬನೇ. ಅವನು ಕಳ್ಳನಲ್ಲ. ಅವನು ಸಾಕ್ಷಿ. ಅವನು ನೋಡದಿದ್ದರೆ ಕಣ್ಣಪ್ಪನ ಕಥೆಯನ್ನು ಲೋಕಕ್ಕೆ ಹೇಳುವವರೇ ಇರುತ್ತಿರಲಿಲ್ಲ.

ನೀಲೆ ಎಲ್ಲಿ? ಅವಳು ಆ ಪುರಾಣದಲ್ಲಿ ಇಲ್ಲವೇ ಇಲ್ಲ. ತಿಣ್ಣ ಇನ್ನೂ ಮದುವೆಯಾಗದ ಹುಡುಗ.

ನಮ್ಮ ಹರಿಹರನೂ ಪುರಾತನರ ಮೇಲೆ ರಗಳೆಗಳನ್ನು ಬರೆದವನು. ಕಣ್ಣಪ್ಪನೂ ಅವನ ರಗಳೆಗೆ ನಾಯಕ. ತೆಲುಗಿನಲ್ಲಿ ಧೂರ್ಜಟಿ ಕಾಳಹಸ್ತಿಯ ಮಾಹಾತ್ಮ್ಯವನ್ನು ಹಾಡಿದ. ಹೀಗೆ ಮೂರು ನುಡಿಗಳಲ್ಲಿ ಕಥೆ ಹರಿದುಬಂತು. ಅದು ರಂಗಕ್ಕೆ ಏರಿದ್ದು ಗುಬ್ಬಿ ಕಂಪನಿಯಲ್ಲಿ. 1884ರಲ್ಲಿ ಹುಟ್ಟಿದ ಆ ಕಂಪನಿ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಹೆಸರಾಯಿತು. ‘ಬೇಡರ ಕಣ್ಣಪ್ಪ’ ನಾಟಕವನ್ನು ಬರೆದವರು ಜಿ.ವಿ. ಅಯ್ಯರ್ ಎಂಬುದು ಪ್ರಸಿದ್ಧ. ಈ ಅಯ್ಯರ್ ನಮ್ಮ ನಂಜನಗೂಡಿನವರೇ. 1917ರಲ್ಲಿ ಇಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಗುಬ್ಬಿ ಕಂಪನಿ ಸೇರಿದವರು. ಮುಂದೆ ‘ಹಂಸಗೀತೆ’ಯನ್ನೂ, ಸಂಸ್ಕೃತದ ಮೊದಲ ಚಿತ್ರವಾದ ‘ಆದಿ ಶಂಕರಾಚಾರ್ಯ’ವನ್ನೂ ತೆಗೆದು, ಬರಿಗಾಲಿನ ನಿರ್ದೇಶಕರೆಂದು ಹೆಸರಾಗಿ 2003ರಲ್ಲಿ ತೀರಿಕೊಂಡರು. ನಂಜುಂಡನ ಗುಡಿಯಲ್ಲಿ ಪುರಾತನರ ಸಾಲು ಇರುವ ಊರಿನಲ್ಲಿ ಹುಟ್ಟಿದವರು ಕಣ್ಣಪ್ಪನ ನಾಟಕ ಬರೆದರೆಂಬುದು ನಮ್ಮ ಊರಿಗೆ ಒಪ್ಪುವ ಮಾತು.

ನಾಟಕ ಚಿತ್ರವಾಯಿತು. ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನ. ಗುಬ್ಬಿ ಕರ್ನಾಟಕ ಸಂಸ್ಥೆಯೂ ಮದರಾಸಿನ ಎ.ವಿ.ಎಂ. ಸಂಸ್ಥೆಯೂ ಕೂಡಿ ತೆಗೆದ ಚಿತ್ರ 1954ರಲ್ಲಿ ತೆರೆಗೆ ಬಂತು. ದಿಣ್ಣನಾಗಿ ಮುತ್ತುರಾಜ ಎಂಬ ಯುವಕ. ಸಿಂಹ ಅವರು ಅವನಿಗೆ ರಾಜಕುಮಾರ್ ಎಂದು ಹೆಸರಿಟ್ಟರು. ಈ ಯುವಕನ ಮದುವೆ ಹಿಂದಿನ ವರ್ಷ, 1953ರ ಜೂನ್ 25ರಂದು, ಪಾರ್ವತಮ್ಮನವರೊಡನೆ ನಡೆದದ್ದು ನಂಜನಗೂಡಿನಲ್ಲಿಯೇ. ಅದಕ್ಕೂ ಮೊದಲು, 1952ರ ‘ಶ್ರೀ ಶ್ರೀನಿವಾಸ ಕಲ್ಯಾಣ’ದಲ್ಲಿ ಅವನು ಸಪ್ತರ್ಷಿಗಳಲ್ಲಿ ಒಬ್ಬನಾಗಿ ನಿಂತಿದ್ದ. ಏಳು ಜನರಲ್ಲಿ ಒಬ್ಬ. ಯಾರೂ ಗುರುತಿಸದ ಪಾತ್ರ. ಎರಡು ವರ್ಷಗಳಲ್ಲಿ ಅವನೇ ನಾಡಿನ ಕಣ್ಣಾದ. ಸಣ್ಣ ಪಾತ್ರಗಳನ್ನು ಕುರಿತು ಬರೆಯುವಾಗ ಇದನ್ನು ನೆನೆಯದೆ ಇರಲಾರೆ.

ಚಿತ್ರದ ಕಥೆ ಹೀಗಿದೆ. ದೇವಲೋಕದಿಂದ ಶಾಪ ಪಡೆದ ಇಬ್ಬರು ಭೂಮಿಯಲ್ಲಿ ಬೇಡರ ಕುಲದಲ್ಲಿ ಹುಟ್ಟುತ್ತಾರೆ. ದಿಣ್ಣನೂ ನೀಲೆಯೂ ಅವರೇ. ನೀಲೆಯ ಪಾತ್ರದಲ್ಲಿ ಪಂಡರಿಬಾಯಿ. ಬೇಡರ ಹಟ್ಟಿಯೊಳಗಿನ ಒಳಸಂಚನ್ನು ಗಂಡಹೆಂಡಿರು ದಾಟುತ್ತಾರೆ. ಆಮೇಲೆ ದೇವಾಲಯದ ಪೂಜಾರಿ ಕೈಲಾಸನಾಥ ಶಾಸ್ತ್ರಿ ಎದುರಾಗುತ್ತಾನೆ. ಅವನು ಭ್ರಷ್ಟ. ಕಳವಿನ ಅಪವಾದವನ್ನು ದಿಣ್ಣನ ಮೇಲೆ ಹೊರಿಸಿ ಹಿಂಸೆ ಕೊಡಿಸುತ್ತಾನೆ. ಪೂಜಾರಿಗೆ ಕಾಶಿ ಎಂಬ ಮಗ. ಆ ಪಾತ್ರದಲ್ಲಿ ನರಸಿಂಹರಾಜು ಜನರನ್ನು ನಗಿಸಿದರು. ಕೊನೆಗೆ ದಿಣ್ಣ ಕಣ್ಣು ಕೊಟ್ಟು ಕಣ್ಣಪ್ಪನಾಗುತ್ತಾನೆ. ಚಿತ್ರಕ್ಕೆ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅರ್ಹತಾ ಪತ್ರ ಬಂತು. ಅದೇ ವರ್ಷ ತೆಲುಗಿನಲ್ಲಿ ಮತ್ತೆ ತೆಗೆದರು. ಅಲ್ಲಿಯೂ ರಾಜಕುಮಾರರೇ ನಾಯಕ. 1955ರಲ್ಲಿ ಹಿಂದಿಯಲ್ಲಿ ‘ಶಿವಭಕ್ತ’ ಬಂತು.

ಈಗ ಎರಡು ಕಥೆಗಳನ್ನೂ ಎದುರುಬದುರು ಇಟ್ಟು ನೋಡಿ. ನಾಯಕನಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಬೇಡ, ಮುಗ್ಧ, ಕಣ್ಣು ಕೊಟ್ಟವ. ಬದಲಾದದ್ದೆಲ್ಲ ಸುತ್ತಲಿನವರಲ್ಲಿ. ನಮ್ಮ ನಾಟ್ಯಶಾಸ್ತ್ರಕಾರರು ಇದಕ್ಕೆ ಒಳ್ಳೆಯ ಹೆಸರುಗಳನ್ನು ಕೊಟ್ಟಿದ್ದಾರೆ. ಮುಖ್ಯ ಕಥೆ ‘ಆಧಿಕಾರಿಕ’. ಅದಕ್ಕೆ ಒದಗಿಬರುವ ಉಪಕಥೆ ‘ಪ್ರಾಸಂಗಿಕ’. ಪ್ರಾಸಂಗಿಕದಲ್ಲಿ ದೂರದವರೆಗೆ ಜೊತೆಗೆ ಬರುವುದು ‘ಪತಾಕೆ’, ರಾಮಾಯಣದಲ್ಲಿ ಸುಗ್ರೀವನ ಕಥೆಯಂತೆ. ಸ್ವಲ್ಪದರಲ್ಲಿ ಕಾಣಿಸಿಕೊಂಡು ಮರೆಯಾಗುವುದು ‘ಪ್ರಕರಿ’, ಶಬರಿಯ ಕಥೆಯಂತೆ. ಈ ಅಳತೆಗೋಲು ಹಿಡಿದರೆ ಚಿತ್ರ ಮಾಡಿರುವುದೇನು ಎಂಬುದು ಕೂಡಲೇ ಕಾಣುತ್ತದೆ. ಪುರಾಣದ ಪ್ರಕರಿಗಳನ್ನು ಅದು ಪತಾಕೆಗಳನ್ನಾಗಿ ಮಾಡಿತು. ಎಲ್ಲೋ ಕೆಲವನ್ನು ಅಳಿಸಿತು. ಇಲ್ಲದಿದ್ದ ಕೆಲವನ್ನು ಹುಟ್ಟಿಸಿತು.

ಮೊದಲು ನೀಲೆಯನ್ನು ನೋಡೋಣ. ಕವಿಗೆ ಒಂಟಿತನವನ್ನು ವರ್ಣಿಸುವುದು ಸುಲಭ. ತಿಣ್ಣ ಬೆಟ್ಟದ ಮೇಲೆ ಒಬ್ಬನೇ ರಾತ್ರಿಯೆಲ್ಲ ಬಿಲ್ಲು ಹಿಡಿದು ಲಿಂಗಕ್ಕೆ ಕಾವಲು ನಿಂತ ಎಂದು ಅವನು ನಾಲ್ಕು ಪದ್ಯಗಳಲ್ಲಿ ಹೇಳಿದರೆ ನಮಗೆ ಅವನ ಎದೆ ಕಾಣುತ್ತದೆ. ರಂಗದ ಮೇಲೆ ಆರು ದಿನ ಒಬ್ಬನೇ ನಿಂತರೆ ಮಾತಾಡುವುದು ಯಾರೊಡನೆ? ಮಾತಿಲ್ಲದೆ ನಾಟಕ ನಡೆಯದು. ಪುರಾಣದಲ್ಲಿ ಆ ಕೆಲಸಕ್ಕೆ ನಾಣನಿದ್ದ. ಆದರೆ ಅವನು ಮೊದಲ ದಿನವೇ ಓಡಿಹೋದ. ಕಂಪನಿ ನಾಟಕಕ್ಕೆ ಕೊನೆಯವರೆಗೂ ಓಡಿಹೋಗದ ಒಡನಾಡಿ ಬೇಕಾಗಿತ್ತು. ಆ ಒಡನಾಡಿಯ ಸ್ಥಾನ ನೀಲೆಗೆ ಸಂದಿತು. ಹಾಡಿಗೆ ಎದುರುಹಾಡು, ದುಃಖಕ್ಕೆ ಪಾಲುದಾರ್ತಿ, ಹಟ್ಟಿಗೂ ಗುಡಿಗೂ ನಡುವೆ ಸೇತುವೆ, ಎಲ್ಲವೂ ಅವಳೇ. ಇದರಿಂದ ಒಂದು ದೊಡ್ಡ ಲಾಭವಾಯಿತು. ಪುರಾಣದಲ್ಲಿ ಮಗನನ್ನು ಹೆತ್ತ ತತ್ತೆಗೂ ಹರಸಿದ ದೇವರಾಟ್ಟಿಗೂ ಇದ್ದ ಜಾಗ ಅಂಗೈಯಗಲ. ಚಿತ್ರದಲ್ಲಿ ಬೇಡರ ಹೆಣ್ಣೊಬ್ಬಳು ಮೊದಲಿಂದ ಕೊನೆಯವರೆಗೆ ತಲೆಯೆತ್ತಿ ನಡೆದಳು. ಮರಳಿನ ಮೇಲೆ ಕುಳಿತು ನೋಡುತ್ತಿದ್ದ ಹೆಂಗಸರು ಅತ್ತದ್ದು ಅವಳಿಗಾಗಿ. ನನ್ನ ತಾಯಿಯೂ ಅವರಲ್ಲಿ ಒಬ್ಬಳು.

ಆದರೆ ನಷ್ಟವೂ ಆಯಿತು. ನಾಣ ಹೋದ. ಬೇಡನಿಗೆ ಬೇಡನೇ ಗುರುವಾದ ಆ ಸಣ್ಣ ಘಟನೆಯ ಬೆಲೆ ಸಣ್ಣದಲ್ಲ. ದಿಣ್ಣ, ನೀಲೆ ಇಬ್ಬರನ್ನೂ ಶಾಪಗ್ರಸ್ತ ದೇವತೆಗಳೆಂದು ಮಾಡಿದ್ದರಲ್ಲಿಯೂ ಇದೇ ತೊಡಕಿದೆ. ಕಣ್ಣು ಕೊಟ್ಟವನು ಹುಟ್ಟಾ ಬೇಡನೆಂದರೆ ಬೇಡರ ಕುಲ ಹಿರಿದಾಗುತ್ತದೆ. ಅವನು ಬೇಡನ ವೇಷದಲ್ಲಿದ್ದ ದೇವತೆಯೆಂದರೆ ಆ ಹಿರಿಮೆ ದೇವಲೋಕಕ್ಕೆ ಹಿಂದಿರುಗಿಬಿಡುತ್ತದೆ. ಶಾಪದ ಕಥೆ ನಮ್ಮ ಪುರಾಣಗಳಲ್ಲಿ ಹಳೆಯ ಸಾಧನವೇ. ಕಂಪನಿ ನಾಟಕಕ್ಕೆ ಅದರಿಂದ ಕೈಲಾಸದ ಸೀನರಿ, ಇಂದ್ರಲೋಕದ ಉಡುಪು, ಮೊದಲ ಅಂಕಕ್ಕೊಂದು ಕುಣಿತ ದೊರೆಯುತ್ತಿತ್ತು. ಅದನ್ನು ದೂರುವುದು ಸರಿಯಲ್ಲ, ತಿಳಿದಿರುವುದು ಒಳ್ಳೆಯದು.

ಇನ್ನು ಪೂಜಾರಿ. ಶಿವಗೋಚರಿಯಾರ್ ಕೈಲಾಸನಾಥ ಶಾಸ್ತ್ರಿಯಾದದ್ದು ಹೇಗೆ? ಪುರಾಣದ ತಿಕ್ಕಾಟ ಎರಡು ಪೂಜೆಗಳ ನಡುವಣದು. ಎರಡೂ ನಿಜವಾದ ಪೂಜೆಗಳು. ಆ ತಿಕ್ಕಾಟ ಬಗೆಹರಿಯುವುದು ಒಂದು ಕನಸಿನಲ್ಲಿ. ಓದುವವನಿಗೆ ಇದು ಬಹು ಸೂಕ್ಷ್ಮವಾದ ಸೊಗಸು. ನೋಡುವವನಿಗೆ, ಅದರಲ್ಲೂ ಹತ್ತು ಮೈಲಿ ನಡೆದು ಬಂದು ಟೆಂಟಿನಲ್ಲಿ ಕುಳಿತವನಿಗೆ, ಎದುರಾಳಿ ಬೇಕು. ಎದುರಾಳಿಯಿಲ್ಲದೆ ನಾಯಕನ ಬಲ ತೆರೆಯ ಮೇಲೆ ಕಾಣದು. ಇದು ರಂಗದ ಕಾರಣ.

ಎರಡನೆಯದು ಕಾಲದ ಕಾರಣ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತ್ತು. ಅದನ್ನು ಆಚರಿಸುವುದು ಅಪರಾಧವೆಂಬ ಕಾನೂನು 1955ರಲ್ಲಿ ಬಂತು. ಚಿತ್ರ ತೆರೆಗೆ ಬಂದದ್ದು ಇವೆರಡರ ನಡುವೆ. ಗುಡಿಯ ಬಾಗಿಲು ಯಾರಿಗೆ, ಯಾರಿಗಲ್ಲ ಎಂಬ ಪ್ರಶ್ನೆ ಆಗ ಊರೂರಿನಲ್ಲಿ ಬಿಸಿಯಾಗಿತ್ತು. ಅಂಥ ಹೊತ್ತಿನಲ್ಲಿ ಬಾಗಿಲಲ್ಲಿ ತಡೆದು ನಿಲ್ಲಿಸಿದವನನ್ನು ಒಳ್ಳೆಯವನೆಂದು ತೋರಿಸಿದ್ದರೆ ಸಾವಿರಾರು ಜನರ ಪಾಲಿಗೆ ಅದು ಸುಳ್ಳಾಗುತ್ತಿತ್ತು. ನಿಜವಾಗಿ ಪೆಟ್ಟು ತಿಂದವರಿದ್ದರು. ಅವರ ನೋವಿಗೆ ಕನಸಿನ ಸಮಾಧಾನ ಸಾಲದು. ದಿಣ್ಣನ ಬೆನ್ನ ಮೇಲೆ ಬಿದ್ದ ಪೆಟ್ಟು ಅವರೆಲ್ಲರ ಬೆನ್ನಿನ ಲೆಕ್ಕ ಹೇಳಿತು. ಪುರಾಣದಲ್ಲಿ ಇಲ್ಲದ ಆ ಪೆಟ್ಟು ಊರಿನಲ್ಲಿ ಇತ್ತು. ಚಿತ್ರ ಅದನ್ನು ಊರಿನಿಂದ ತಂದು ಪುರಾಣದೊಳಗೆ ಸೇರಿಸಿತು.

ಇಷ್ಟು ಮಾಡಿದ ಮೇಲೆ ಪೂಜಾರಿಯ ಮನೆಯಲ್ಲಿ ಒಂದು ನಗೆಯೂ ಬೇಕಾಯಿತು. ಹಾಸ್ಯವಿಲ್ಲದೆ ಗುಬ್ಬಿ ಕಂಪನಿಯ ನಾಟಕವುಂಟೆ? ವೀರಣ್ಣನವರೇ ಹಾಸ್ಯದ ಚಕ್ರವರ್ತಿ. ಕಾಶಿ ಹುಟ್ಟಿದ್ದು ಹಾಗೆ. ಆದರೆ ಅವನು ಬರಿಯ ನಗೆಗಾರನೆಂದು ನನಗೆ ತೋರುವುದಿಲ್ಲ. ತಂದೆಯ ಗಂಭೀರವಾದ ಕಪಟದ ಪಕ್ಕದಲ್ಲಿ ಮಗನ ಪೆದ್ದುತನ ನಿಂತಾಗ ಸಿಟ್ಟು ಸ್ವಲ್ಪ ಸಡಿಲವಾಗುತ್ತದೆ. ನಗುವವನು ಕಲ್ಲು ಎಸೆಯಲಾರ.

ಹಾಗಾದರೆ ಚಿತ್ರದವರು ಕಥೆ ಕೆಡಿಸಿದರೆ? ಈ ಮಾತನ್ನು ಹೇಳುವ ಮೊದಲು ನಮ್ಮ ಕಾವ್ಯಪರಂಪರೆಯನ್ನು ನೆನೆಯಬೇಕು. ಕ್ರಿ.ಶ. 941ರಲ್ಲಿ ಪಂಪ ವ್ಯಾಸಭಾರತವನ್ನು ಕನ್ನಡಕ್ಕೆ ತಂದಾಗ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿ ಮಾಡಿದ. ರನ್ನ ಭೀಮನನ್ನು ನಾಯಕನಾಗಿಸಿದ. ನಾಗಚಂದ್ರ ರಾವಣನ ಮೇಲೆ ನಮಗೆ ಮರುಕ ಹುಟ್ಟುವಂತೆ ಬರೆದ. ಬಂದ ಕಥೆಯನ್ನು ಬಂದ ಹಾಗೆಯೇ ಇಟ್ಟುಕೊಂಡ ದೊಡ್ಡ ಕವಿ ನಮ್ಮಲ್ಲಿ ಕಡಮೆ. ಕಣ್ಣಪ್ಪನ ಚಿತ್ರವೂ ಆ ಹಾದಿಯಲ್ಲಿಯೇ ನಡೆಯಿತು. ತಪ್ಪಿರುವುದು ಚಿತ್ರದಲ್ಲಲ್ಲ, ಚಿತ್ರದ ಕಥೆಯನ್ನು ಪುರಾಣದ್ದೆಂದು ತರಗತಿಯಲ್ಲಿ ಹೇಳಿದ ನನ್ನಂಥವರಲ್ಲಿ.

ಚಿತ್ರದ ಈ ಸೃಷ್ಟಿ ಎಷ್ಟು ಗಟ್ಟಿಯೆಂಬುದಕ್ಕೆ ಮುಂದಿನ ಇತಿಹಾಸವೇ ಸಾಕ್ಷಿ. 1976ರಲ್ಲಿ ಬಾಪು ತೆಲುಗಿನಲ್ಲಿ ‘ಭಕ್ತ ಕಣ್ಣಪ್ಪ’ ತೆಗೆದರು. ಅಲ್ಲಿ ನಾಯಕ ಹಿಂದಿನ ಜನ್ಮದ ಅರ್ಜುನ. ಆದರೆ ಹೆಂಡತಿ ನೀಲೆಯೇ, ಪೂಜಾರಿ ಕೈಲಾಸನಾಥ ಶಾಸ್ತ್ರಿಯೇ. 1988ರಲ್ಲಿ ಕನ್ನಡದಲ್ಲಿ ‘ಶಿವ ಮೆಚ್ಚಿದ ಕಣ್ಣಪ್ಪ’ ಬಂತು. ರಾಜಕುಮಾರರ ಮಗ ಶಿವರಾಜಕುಮಾರ್ ಕಣ್ಣಪ್ಪನಾದರು; 34 ವರ್ಷಗಳ ಹಿಂದೆ ಕಣ್ಣು ಕೊಟ್ಟಿದ್ದ ರಾಜಕುಮಾರರು ಈಗ ಶಿವನಾಗಿ ಬಂದರು. 2025ರ ತೆಲುಗಿನ ‘ಕಣ್ಣಪ್ಪ’ದಲ್ಲಿ ಹೆಂಡತಿಯ ಹೆಸರು ನೆಮಲಿಯಾಯಿತು, ಪೂಜಾರಿ ಮಹಾದೇವ ಶಾಸ್ತ್ರಿಯಾದ. ಹೆಸರು ಬದಲಾದರೂ ಅವರ ಜಾಗ ಖಾಲಿಯಾಗಲಿಲ್ಲ. ಶೇಕ್ಕಿಳಾರನಲ್ಲಿ ಇಲ್ಲದ ಹೆಂಡತಿಯನ್ನು ಈಗ ಯಾವ ಚಿತ್ರವೂ ಬಿಡಲಾರದು.

ನಮ್ಮ ನರಸೀಪುರ ತಾಲ್ಲೂಕಿನ ತಲಕಾಡಿಗೆ ಹೋದರೆ ಇದೇ ಬಗೆಯ ಇನ್ನೊಂದು ಕಥೆ ಸಿಗುತ್ತದೆ. ತಲ, ಕಾಡ ಎಂಬ ಇಬ್ಬರು ಬೇಡರು. ಆನೆಗಳು ಬೂರುಗದ ಮರವೊಂದನ್ನು ಪೂಜಿಸುವುದನ್ನು ಕಂಡು ಏನಿದೆಯೋ ನೋಡೋಣವೆಂದು ಕೊಡಲಿ ಹಾಕಿದರು. ಮರದಿಂದ ನೆತ್ತರು ಸುರಿಯಿತು. ಆ ಮರದ ಎಲೆ, ಕಾಯಿಗಳನ್ನೇ ಅರೆದು ಗಾಯಕ್ಕೆ ಹಚ್ಚಿರೆಂದು ಒಂದು ದನಿ ಕೇಳಿತು. ಹಚ್ಚಿದರು, ನೆತ್ತರು ಹಾಲಾಯಿತು, ಕುಡಿದ ಬೇಡರಿಗೆ ಮುಕ್ತಿ. ತನ್ನ ಗಾಯಕ್ಕೆ ತಾನೇ ಮದ್ದು ಹೇಳಿದ ಶಿವನೇ ವೈದ್ಯೇಶ್ವರ. ಪಂಚಲಿಂಗ ದರ್ಶನಕ್ಕೆ ಬರುವ ಲಕ್ಷಾಂತರ ಜನ ಈ ಊರಿನ ಹೆಸರಿನಲ್ಲಿ ಆ ಇಬ್ಬರು ಬೇಡರನ್ನು ಕರೆಯುತ್ತಲೇ ಇರುತ್ತಾರೆ. ಕಾಳಹಸ್ತಿಯಲ್ಲಿ ನೆತ್ತರು ಸುರಿದ ದೇವರಿಗೆ ಬೇಡನು ಮದ್ದಾದ. ತಲಕಾಡಿನಲ್ಲಿ ಬೇಡರ ಕೊಡಲಿಯ ಗಾಯಕ್ಕೆ ದೇವರೇ ಮದ್ದು ಹೇಳಿದ. ನಂಜನಗೂಡಿಗೆ ಬಂದರೆ ಟಿಪ್ಪುವಿನ ಆನೆಗೆ ಹೋದ ಕಣ್ಣು ಬಂತೆಂದೂ, ಅದಕ್ಕಾಗಿ ಅವನು ದೇವರನ್ನು ಹಕೀಂ ನಂಜುಂಡನೆಂದು ಕರೆದು ಪಚ್ಚೆಯ ಲಿಂಗ ಕೊಟ್ಟನೆಂದೂ ಪ್ರತೀತಿ. ನರಸೀಪುರದ ಗುಂಜಾನರಸಿಂಹ ಕಾಣಿಸಿಕೊಂಡದ್ದು ಅಗಸನ ಕನಸಿನಲ್ಲಿ. ಅವನು ಬಟ್ಟೆ ಒಗೆಯುತ್ತಿದ್ದ ಕಲ್ಲಿನ ಕೆಳಗೆ. ಹೊಳೆಯ ದಡದ ಈ ಕಥೆಗಳಲ್ಲಿ ದೇವರನ್ನು ಮೊದಲು ಕಂಡವರು ಯಾರೆಂದು ಎಣಿಸಿ ನೋಡಿ. ಬೇಡ, ಅಗಸ, ಆನೆ. ಸ್ಥಳಪುರಾಣ ಬೆಳೆಯುತ್ತ ಹೋದಂತೆ ಅವರು ಒಂದು ಸಾಲಿಗೆ ಇಳಿದರು. ಆ ಒಂದು ಸಾಲನ್ನು ಹಿಗ್ಗಿಸುವುದು ನಾಟಕ, ಚಿತ್ರಗಳ ಕೆಲಸ. ಅದು ಮೊದಲು ಹೇಗಿತ್ತೆಂದು ನೆನಪಿಡುವುದು ನಮ್ಮಂಥ ಮೇಷ್ಟ್ರುಗಳ ಕೆಲಸ.

ಇನ್ನು ನನ್ನ ಇಬ್ಬರು ಮಕ್ಕಳ ಮಾತು. ಮಾರನೆಯ ದಿನ ತರಗತಿಯಲ್ಲಿ ‘ನಾನು ತಪ್ಪು ಹೇಳಿದೆ’ ಎಂದು ಒಪ್ಪಿಕೊಂಡೆ. ಎರಡು ಕಥೆಗಳನ್ನೂ ಬೇರೆ ಬೇರೆಯಾಗಿ ಹೇಳಿದೆ. ಶಿವಗೋಚರಿಯಾರ್ ಗುಡಿ ತೊಳೆಯುತ್ತ ಅತ್ತದ್ದನ್ನು ಹೇಳುವಾಗ ಅರ್ಚಕರ ಮಗ ತಲೆಯೆತ್ತಿದ. ನೀಲೆ ಪುರಾಣದಲ್ಲಿ ಇಲ್ಲ ಎಂದಾಗ ಹುಡುಗಿಯ ಮುಖ ಸಣ್ಣದಾಯಿತು. ಒಬ್ಬನಿಗೆ ಕೊಟ್ಟದ್ದನ್ನು ಇನ್ನೊಬ್ಬಳಿಂದ ಕಿತ್ತುಕೊಂಡಂತೆ ನನಗೆ ಅನಿಸಿತು. ನಿಜ ಹೇಳಿದ ತೃಪ್ತಿ ಪೂರ್ತಿಯಾಗಿ ಬರಲಿಲ್ಲ.

ಆ ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ ಕಣ್ಣಪ್ಪನ ನಾಟಕವಾಡಲು ಮಕ್ಕಳೇ ಹಟ ಹಿಡಿದರು. ಬರೆಯುವ ಕೆಲಸ ನನಗೆ ಬಿತ್ತು. ಪುರಾಣದಂತೆ ಬರೆದರೆ ಹುಡುಗಿಗೆ ಪಾತ್ರವಿಲ್ಲ. ಚಿತ್ರದಂತೆ ಬರೆದರೆ ಪೂಜಾರಿಯ ಪಾತ್ರಕ್ಕೆ ಯಾರೂ ಒಪ್ಪರು. ಎರಡು ರಾತ್ರಿ ಕುಳಿತು ಬರೆದೆ. ನಾಣನನ್ನು ಹಿಂದಕ್ಕೆ ಕರೆತಂದೆ. ಅವನ ನಾಲ್ಕು ಮಾತು ಅವನಿಗೇ ಕೊಟ್ಟೆ. ಪೂಜಾರಿಯನ್ನು ಶೇಕ್ಕಿಳಾರನ ಪೂಜಾರಿಯಾಗಿಯೇ ಉಳಿಸಿದೆ. ಆದರೆ ಬೇಡನನ್ನು ಬಾಗಿಲಲ್ಲಿ ತಡೆದು ಹೊಡೆಸುವ ಊರ ಗೌಡನೊಬ್ಬನನ್ನು ಹೊಸದಾಗಿ ಸೇರಿಸಿದೆ. ಆ ಪೆಟ್ಟನ್ನು ಬಿಟ್ಟರೆ ನಾಟಕ ಸುಳ್ಳಾಗುತ್ತಿತ್ತು. ನೀಲೆಯನ್ನು ಬಿಡಲಿಲ್ಲ. ತಿಣ್ಣನ ಹೆಂಡತಿಯಾಗಿ ಬೇಡ, ತಂಗಿಯಾಗಿರಲಿ ಎಂದು ಹುಡುಗಿಯೇ ಹೇಳಿದಳು. ಹಾಗೆಯೇ ಮಾಡಿದೆ. ಚಿತ್ರದವರು ಕಥೆ ಬದಲಿಸಿದರೆಂದು ಹೇಳಿದ ಮೇಷ್ಟ್ರು ತಾನೂ ಬದಲಿಸಿದ. ಈ ಸಲ ಮಾತ್ರ ಬದಲಿಸಿದ್ದೆಷ್ಟು, ಬಂದದ್ದೆಷ್ಟು ಎಂಬುದನ್ನು ಪರದೆ ಏಳುವ ಮೊದಲು ಸಭೆಗೆ ಹೇಳಿದೆ.

ಕಣ್ಣು ಕೀಳುವ ದೃಶ್ಯದಲ್ಲಿ ಮರೆಯಲ್ಲಿ ನಿಂತಿದ್ದ ಅರ್ಚಕರ ಮಗ, ನಾನು ಬರೆಯದೆ ಇದ್ದ ಒಂದು ಕೆಲಸ ಮಾಡಿದ. ಓಡಿಬಂದು ಬೇಡನ ಕಾಲಿಗೆ ಬಿದ್ದ. ಸಭೆಯಲ್ಲಿ ಅವನ ತಂದೆಯೂ ಕುಳಿತಿದ್ದರು. ನಾಟಕ ಮುಗಿದ ಮೇಲೆ ಅವರು ನನ್ನ ಬಳಿ ಬಂದು, ‘ಅದು ಪುರಾಣದಲ್ಲಿ ಇದೆಯೇ ಮೇಷ್ಟ್ರೇ?’ ಎಂದರು. ‘ಇಲ್ಲ ಸ್ವಾಮಿ, ನಿಮ್ಮ ಮಗನದು’ ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ‘ಇರಲಿ ಬಿಡಿ’ ಎಂದು ಮಗನ ಕೈ ಹಿಡಿದು ಬಸ್ಸಿಗೆ ಹೊರಟರು.

ಮುಂದಿನ ಸಲ ನಂಜನಗೂಡಿಗೆ ಬಂದಾಗ ಪುರಾತನರ ಸಾಲಿನ ಮುಂದೆ ಒಂದು ಗಳಿಗೆ ನಿಲ್ಲಿ. ಕಣ್ಣಪ್ಪನಿಗೆ ಕೈಮುಗಿಯಿರಿ. ಅವನ ಪಕ್ಕದಲ್ಲಿ ವಿಗ್ರಹವಿಲ್ಲದೆ ನಿಂತಿರುವ ನಾಣನನ್ನೂ, ಗುಡಿ ಗುಡಿಸುತ್ತಿರುವ ಪೂಜಾರಿಯನ್ನೂ, 1954ರಲ್ಲಿ ಬಂದು ಸೇರಿಕೊಂಡ ನೀಲೆಯನ್ನೂ ಒಂದು ಸಲ ನೆನೆಯಿರಿ.